ಫೋಟೋಗಳನ್ನೆಲ್ಲ ಡಿಲೀಟ್ ಮಾಡಿದರೂ ಸಿ ಡ್ರೈವ್ ಖಾಲಿ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 256 ಜಿಬಿ ಎಸ್‌ಎಸ್‌ಡಿ ಇದೆ, ವಿಂಡೋಸ್ 11 ಇದೆ. ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ಬರೀ 4 ಜಿಬಿ ಉಳಿದಿದೆ. ವಿಂಡೋಸ್ ಅಪ್‌ಡೇಟ್ ಜಾಗ ಇಲ್ಲ ಅಂತ ಅರ್ಧಕ್ಕೇ ನಿಲ್ಲುತ್ತಿದೆ. ಎರಡು ದಿನ ಕೂತು ಹಳೆಯ ಫೋಟೋಗಳನ್ನು ಒಂದೊಂದಾಗಿ ಡಿಲೀಟ್ ಮಾಡಿದೆ, ಆದರೂ ಜಾಗ ಹೆಚ್ಚಾಗಲಿಲ್ಲ. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ 12 ಜಿಬಿ ಇದೆ, ಅದನ್ನು ತೆಗೆದುಬಿಡು ಎಂದು ಗೆಳೆಯ ಹೇಳುತ್ತಾನೆ. ಇನ್ನೊಬ್ಬರು ಕ್ಲೀನರ್ ಸಾಫ್ಟ್‌ವೇರ್ ಹಾಕಿಕೋ ಎನ್ನುತ್ತಾರೆ. 256 ಜಿಬಿ ಎಂದು ಕೊಂಡ ಡಿಸ್ಕ್ 237 ಎಂದು ಯಾಕೆ ತೋರಿಸುತ್ತದೆ? ಹೊಸ ಡಿಸ್ಕ್ ತೆಗೆದುಕೊಳ್ಳಲೇಬೇಕಾ?

ಉತ್ತರ: ಮೊದಲು ಎರಡು ಮಾತು. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್‌ಗೆ ಕೈ ಹಾಕಬೇಡಿ. ಇವತ್ತಿನಿಂದ ಫೋಟೋ ಡಿಲೀಟ್ ಮಾಡುವುದನ್ನೂ ನಿಲ್ಲಿಸಿ. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ. ಹೊಸ ಡಿಸ್ಕ್ ಬೇಕಾ ಬೇಡವಾ ಎಂಬುದನ್ನು ಈಗಲೇ ತೀರ್ಮಾನ ಮಾಡುವುದೂ ಬೇಡ. ನಿಮ್ಮಂಥ ಕಂಪ್ಯೂಟರ್‌ಗಳಲ್ಲಿ ಜಾಗ ತಿಂದಿರುವುದು ಸಾಮಾನ್ಯವಾಗಿ ನಾಲ್ಕೋ ಐದೋ ದೊಡ್ಡ ವಸ್ತುಗಳು. ಅವು ಯಾವುವು ಎಂದು ಕಣ್ಣಿಂದ ನೋಡುವ ತನಕ ಏನನ್ನು ಅಳಿಸಿದರೂ ಅದು ಕತ್ತಲಲ್ಲಿ ಕೈಯಾಡಿಸಿದ ಹಾಗೆಯೇ.

ನೀವು ಡಿಲೀಟ್ ಮಾಡಿದ ಫೋಟೋಗಳು ಇನ್ನೂ ನಿಮ್ಮ ಡಿಸ್ಕ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಸಿ ಡ್ರೈವ್‌ನಿಂದ ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್‌ಗೆ ಹೋಗುತ್ತದೆ. ಆ ಬಿನ್ ಇರುವುದೂ ಸಿ ಡ್ರೈವ್‌ನಲ್ಲೇ, ಕಣ್ಣಿಗೆ ಕಾಣದ ಒಂದು ಫೋಲ್ಡರ್ ಆಗಿ. ಒಂದು ಕೋಣೆಯ ಸಾಮಾನನ್ನು ಅದೇ ಕೋಣೆಯ ಮೂಲೆಗೆ ಸರಿಸಿದರೆ ಕೋಣೆ ಖಾಲಿ ಆಗುವುದಿಲ್ಲ ಅಲ್ವಾ? ಬಿನ್ ಖಾಲಿ ಮಾಡಿದ ಮೇಲೆಯೇ ಜಾಗ ಬಿಡುಗಡೆ ಆಗುವುದು. ಆದರೆ ಈಗಲೇ ಖಾಲಿ ಮಾಡಬೇಡಿ. ಸದ್ಯಕ್ಕೆ ಅದು ನಿಮಗೆ ಉಪಕಾರವನ್ನೇ ಮಾಡಿದೆ. ಆ ಫೋಟೋಗಳನ್ನು ವಾಪಸ್ ತರಲು ಇನ್ನೂ ದಾರಿ ಇದೆ.

ಯಾಕೆ ವಾಪಸ್ ತರಬೇಕು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಸುಮಾರು 4 ಎಂಬಿ ಎಂದಿಟ್ಟುಕೊಳ್ಳಿ. ಸಾವಿರ ಫೋಟೋ ಅಳಿಸಿದರೆ ಸಿಗುವುದು 4 ಜಿಬಿ. ಅದೇ ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ತೆಗೆದ ವಿಡಿಯೋ ನಿಮಿಷಕ್ಕೆ ಸುಮಾರು 170 ಎಂಬಿ ಆಗುತ್ತದೆ. ಕೆಲವು ಫೋನ್‌ಗಳಲ್ಲಿ ಇನ್ನೂ ಜಾಸ್ತಿ. ಅಂದರೆ ಒಂದು ಗಂಟೆಯ ಒಂದೇ ಒಂದು ವಿಡಿಯೋ 10 ಜಿಬಿ. ಎರಡು ದಿನ ಕೂತು, ನೆನಪುಗಳನ್ನು ಒಂದೊಂದಾಗಿ ಆರಿಸಿ, ಮನಸ್ಸು ಗಟ್ಟಿ ಮಾಡಿಕೊಂಡು ಅಳಿಸಿದ್ದಕ್ಕಿಂತ ಹೆಚ್ಚು ಜಾಗ ಒಂದು ವಿಡಿಯೋದಲ್ಲಿ ಸಿಗಬಹುದಿತ್ತು. ಇಡೀ ಡಿಸ್ಕ್‌ನಲ್ಲಿ ಮತ್ತೆ ಎಲ್ಲಿಂದಲೂ ತರಲಾಗದ್ದು ಎಂದರೆ ನಿಮ್ಮ ಫೋಟೋಗಳು, ನೀವೇ ಬರೆದ ಕಡತಗಳು. ಸಾಫ್ಟ್‌ವೇರ್ ಮತ್ತೆ ಇಳಿಸಿಕೊಳ್ಳಬಹುದು. ಸಿನಿಮಾ ಮತ್ತೆ ಸಿಗುತ್ತದೆ. ಮಗುವಿನ ಮೊದಲ ಹೆಜ್ಜೆಯ ಫೋಟೋ ಸಿಗುವುದಿಲ್ಲ. ಜಾಗ ಬೇಕಾದಾಗ ನಾವು ಮೊದಲು ಕೈ ಹಾಕುವುದು ಮಾತ್ರ ಫೋಟೋಗಳಿಗೇ, ಯಾಕೆಂದರೆ ಅವು ಕಣ್ಣೆದುರು ಇರುತ್ತವೆ. ಜಾಗ ನಿಜವಾಗಿ ತಿಂದದ್ದು ಕಣ್ಣಿಗೆ ಬೀಳುವುದಿಲ್ಲ.

256 ಮತ್ತು 237ರ ವಿಷಯದಲ್ಲಿ ಯಾರೂ ನಿಮಗೆ ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಅವರ 1 ಜಿಬಿ ಎಂದರೆ 100 ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರ 1 ಜಿಬಿ ಎಂದರೆ ಸುಮಾರು 107 ಕೋಟಿ ಬೈಟ್. ಅದೇ ಡಿಸ್ಕ್ ಈ ಲೆಕ್ಕದಲ್ಲಿ 238 ಆಗುತ್ತದೆ. ವಿಂಡೋಸ್ ಶುರುವಾಗಲು, ಕೆಟ್ಟಾಗ ರಿಪೇರಿ ಮಾಡಿಕೊಳ್ಳಲು ಇಟ್ಟಿರುವ ಸಣ್ಣ ಗುಪ್ತ ಭಾಗಗಳು ಇನ್ನಷ್ಟನ್ನು ತೆಗೆದುಕೊಳ್ಳುತ್ತವೆ.

ಈಗ ನೋಡುವ ಕೆಲಸ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರಲ್ಲಿ ಸ್ಟೋರೇಜ್‌ಗೆ ಹೋಗಿ. ಒಂದು ನಿಮಿಷ ಬಿಟ್ಟರೆ ಯಾವ ಬಗೆಯ ಫೈಲ್ ಎಷ್ಟು ಜಾಗ ಹಿಡಿದಿದೆ ಎಂದು ಪಟ್ಟಿ ಬರುತ್ತದೆ. ಒಂದು ಅಂದಾಜಿಗೆ ಇದು ಸಾಕು. ಆದರೆ 'ಅದರ್' ಎಂಬ ಹೆಸರಿನಲ್ಲಿ 60 ಜಿಬಿ ತೋರಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ನಾನು ವಿಜ್‌ಟ್ರೀ ಎಂಬ ಸಣ್ಣ ಸಾಫ್ಟ್‌ವೇರ್ ಬಳಸುತ್ತೇನೆ. ವಿನ್‌ಡಿರ್‌ಸ್ಟ್ಯಾಟ್ ಕೂಡ ಒಳ್ಳೆಯದೇ. ಇವು ಏನನ್ನೂ ತಾವಾಗಿ ಅಳಿಸುವುದಿಲ್ಲ. ಇಡೀ ಡಿಸ್ಕ್‌ನ ಒಂದು ನಕಾಶೆ ಮಾಡಿ ತೋರಿಸುತ್ತವೆ. ವಿಜ್‌ಟ್ರೀ ಒಂದೊಂದು ಫೋಲ್ಡರ್ ಒಳಗೆ ಹೋಗಿ ಎಣಿಸುತ್ತಾ ಕೂರುವುದಿಲ್ಲ. ಡಿಸ್ಕ್ ತನ್ನ ಫೈಲ್‌ಗಳ ಬಗ್ಗೆ ಇಟ್ಟುಕೊಂಡಿರುವ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಅದಕ್ಕೇ ಕೆಲವೇ ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ. ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆಯಿರಿ, ಇಲ್ಲದಿದ್ದರೆ ಎಲ್ಲವೂ ಕಾಣುವುದಿಲ್ಲ.

ನಕಾಶೆ ಹೇಗಿರುತ್ತದೆ ಎಂದರೆ, ಪರದೆ ತುಂಬ ಬಣ್ಣಬಣ್ಣದ ಚೌಕಗಳು. ಫೈಲ್ ದೊಡ್ಡದಿದ್ದಷ್ಟೂ ಚೌಕ ದೊಡ್ಡದು. ಫೋಟೋಗಳು ಮರಳಿನ ಕಣದ ಹಾಗೆ ಸಣ್ಣ ಚುಕ್ಕೆಗಳಾಗಿ ಕಾಣುತ್ತವೆ. ಹಿಂದೆ ಒಬ್ಬರು ನಿಮ್ಮಂತೆಯೇ ಜಾಗ ಇಲ್ಲ ಎಂದು ಲ್ಯಾಪ್‌ಟಾಪ್ ತಂದಿದ್ದರು. ನಕಾಶೆ ತೆರೆದ ಕೂಡಲೇ ಕಾಲು ಭಾಗ ಪರದೆಯನ್ನು ಹಿಡಿದುಕೊಂಡು ಒಂದು ಫೋಲ್ಡರ್ ಕೂತಿತ್ತು. ಮೌಸ್ ಅದರ ಮೇಲೆ ತಂದಾಗ ಮೇಲೆ ವಿಳಾಸ ಬಂತು: ಆ್ಯಪ್‌ಡೇಟಾ, ರೋಮಿಂಗ್, ಆಪಲ್ ಕಂಪ್ಯೂಟರ್, ಮೊಬೈಲ್‌ಸಿಂಕ್, ಬ್ಯಾಕಪ್. ಗಾತ್ರ 61 ಜಿಬಿ. ಅವರ ಹಳೆಯ ಐಫೋನಿನ ಬ್ಯಾಕಪ್ ಅದು. ಆ ಫೋನ್ ಅವರ ಕೈಬಿಟ್ಟು ಮೂರು ವರ್ಷ ಆಗಿತ್ತು. ಆ್ಯಪ್‌ಡೇಟಾ ಫೋಲ್ಡರ್ ಅನ್ನು ವಿಂಡೋಸ್ ಮುಚ್ಚಿಟ್ಟಿರುತ್ತದೆ, ಆದ್ದರಿಂದ ಅವರು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಷ್ಟರಲ್ಲಿ ಅವರು ತಮ್ಮ ಪ್ರವಾಸದ ಫೋಟೋಗಳಲ್ಲಿ ಅರ್ಧದಷ್ಟನ್ನು ಅಳಿಸಿ ಆಗಿತ್ತು.

ಆಗಲೂ ನಾನು ಅದನ್ನು ತಕ್ಷಣ ಅಳಿಸಲಿಲ್ಲ. ಹೊಸ ಫೋನಿಗೆ ಹೋದಾಗ ಹಳೆಯ ಮೆಸೇಜ್, ಫೋಟೋ ಎಲ್ಲ ಬಂದಿದೆಯಾ ಎಂದು ಕೇಳಿದೆ. ಅವರು ಫೋನ್ ತೆಗೆದು, ಮೂರು ವರ್ಷ ಹಿಂದಿನ ಮಾತುಕತೆ ಇದೆ ಎಂದು ತೋರಿಸಿದರು. ಆಮೇಲೆ ಐಟ್ಯೂನ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಡಿವೈಸಸ್ ತೆರೆದು, ಅಲ್ಲಿಂದ ಆ ಬ್ಯಾಕಪ್ ತೆಗೆದೆವು. ನಿಮ್ಮ ನಕಾಶೆಯಲ್ಲಿ ಏನೇ ಸಿಕ್ಕರೂ ಇದೇ ಕ್ರಮ ಇಟ್ಟುಕೊಳ್ಳಿ. ಇದು ಏನು, ಇನ್ನೊಂದು ಪ್ರತಿ ಎಲ್ಲಿದೆ, ಇದನ್ನು ಮಾಡಿದ ಸಾಫ್ಟ್‌ವೇರ್ ಒಳಗಿಂದಲೇ ತೆಗೆಯಬಹುದಾ? ಈ ಮೂರೂ ಗೊತ್ತಾದ ಮೇಲೆ ಡಿಲೀಟ್.

ಇನ್ನು ವಿಂಡೋಸ್ ತಾನೇ ಬೇಡ ಎನ್ನುವ ಫೈಲ್‌ಗಳು. ಸ್ಟೋರೇಜ್ ಪುಟದಲ್ಲೇ 'ಟೆಂಪರರಿ ಫೈಲ್ಸ್' ಎಂದಿರುತ್ತದೆ, ಅದನ್ನು ತೆರೆಯಿರಿ. ಸಾಲುಸಾಲಾಗಿ ಟಿಕ್ ಮಾಡುವ ಚೌಕಗಳು ಬರುತ್ತವೆ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್, ಥಂಬ್‌ನೇಲ್ಸ್, ಟೆಂಪರರಿ ಫೈಲ್ಸ್, ಇವುಗಳಿಗೆಲ್ಲ ಧೈರ್ಯವಾಗಿ ಟಿಕ್ ಹಾಕಿ. ಡೆಲಿವರಿ ಆಪ್ಟಿಮೈಸೇಷನ್ ಎಂದರೆ ನಿಮ್ಮ ಕಂಪ್ಯೂಟರ್ ಇಳಿಸಿಕೊಂಡ ಅಪ್‌ಡೇಟ್ ಅನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚಲು ಇಟ್ಟುಕೊಂಡ ಪ್ರತಿ. ಹೋದರೆ ನಿಮಗೆ ನಷ್ಟವಿಲ್ಲ. 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್' ಎಂಬ ಸಾಲು ಇದ್ದರೆ ಅದು ಬಹಳ ದೊಡ್ಡದಿರುತ್ತದೆ, 20 ಜಿಬಿ ದಾಟಿದ್ದನ್ನೂ ನೋಡಿದ್ದೇನೆ. ದೊಡ್ಡ ಅಪ್‌ಡೇಟ್ ಆದಾಗ ಹಳೆಯ ವಿಂಡೋಸ್ ಅನ್ನು ಹಾಗೇ ಎತ್ತಿಟ್ಟಿರುತ್ತಾರೆ. 10 ದಿನದೊಳಗೆ ಹಳೆಯದಕ್ಕೆ ಮರಳಬಹುದು ಎಂಬ ಕಾರಣಕ್ಕೆ. ಹೊಸದು ಸರಿಯಾಗಿ ನಡೆಯುತ್ತಿದ್ದರೆ ತೆಗೆಯಬಹುದು.

ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಇಲ್ಲಿ ದಯವಿಟ್ಟು ಎರಡು ಸಲ ನೋಡಿ. ತಾತ್ಕಾಲಿಕ ಎಂಬ ತಲೆಬರಹದ ಕೆಳಗೆ ಅದು ಇದ್ದರೂ ನಮ್ಮ ಡೌನ್‌ಲೋಡ್ಸ್ ಫೋಲ್ಡರ್ ತಾತ್ಕಾಲಿಕ ಅಲ್ಲ. ಎಷ್ಟೋ ಜನರ ಅಂಕಪಟ್ಟಿ, ಬಾಡಿಗೆ ಕರಾರು, ವೈದ್ಯಕೀಯ ವರದಿ ಎಲ್ಲ ಇರುವುದು ಅಲ್ಲೇ. ನನ್ನ ಅಕ್ಕನ ಕಂಪ್ಯೂಟರ್‌ನಲ್ಲಿ ಒಮ್ಮೆ ನಾನು ಅವಸರದಲ್ಲಿ ಎಲ್ಲ ಚೌಕಗಳಿಗೂ ಟಿಕ್ ಹಾಕಿಬಿಟ್ಟೆ. ಅವಳು ಸ್ಕ್ಯಾನ್ ಮಾಡಿಸಿ ತರಿಸಿಕೊಂಡಿದ್ದ ನಮ್ಮ ತಂದೆಯ ಹಳೆಯ ಪತ್ರಗಳು ಅದರಲ್ಲಿ ಇದ್ದವು. ಹೀಗೆ ತೆಗೆದದ್ದು ರಿಸೈಕಲ್ ಬಿನ್‌ಗೂ ಹೋಗಲಿಲ್ಲ. ಪುಣ್ಯಕ್ಕೆ ಇಮೇಲ್‌ನಲ್ಲಿ ಇನ್ನೊಂದು ಪ್ರತಿ ಉಳಿದಿತ್ತು. ಆ ಅರ್ಧ ಗಂಟೆ ನಾನು ಪಟ್ಟ ಸಂಕಟ ಇನ್ನೂ ನೆನಪಿದೆ. ಡೌನ್‌ಲೋಡ್ಸ್ ಫೋಲ್ಡರ್ ಅನ್ನು ನೀವೇ ತೆರೆಯಿರಿ, ಗಾತ್ರದ ಪ್ರಕಾರ ಜೋಡಿಸಿ, ಮೇಲಿನ ಇಪ್ಪತ್ತು ಫೈಲ್ ನೋಡಿ. ಸಾಫ್ಟ್‌ವೇರ್ ಹಾಕಲು ಇಳಿಸಿದ ಸೆಟಪ್ ಫೈಲ್‌ಗಳು, ಬಿಚ್ಚಿ ಆದ ಮೇಲೂ ಉಳಿದ ಜಿಪ್ ಫೈಲ್‌ಗಳು, ಹೆಸರಿನ ಕೊನೆಗೆ 1, 2 ಎಂದು ಸೇರಿರುವ ಎರಡನೇ ಮೂರನೇ ಪ್ರತಿಗಳು ಅಲ್ಲೇ ಸಿಗುತ್ತವೆ.

ವಿನ್‌ಎಸ್‌ಎಕ್ಸ್‌ಎಸ್ ವಿಷಯಕ್ಕೆ ಬರೋಣ. ನಿಮ್ಮ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆ ಫೋಲ್ಡರ್ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಇಲಿ ಓಡಿಸಲು ಮನೆಗೆ ಬೆಂಕಿ ಹಚ್ಚಿದ ಹಾಗೆ ಆದೀತು. ವಿಂಡೋಸ್‌ನ ಒಂದೊಂದು ಭಾಗದ ಮೂಲ ಪ್ರತಿ ಇರುವುದು ಅಲ್ಲಿ. ಅಪ್‌ಡೇಟ್ ಹಾಕಲು, ಹಾಕಿದ್ದನ್ನು ತೆಗೆಯಲು, ಹಾಳಾದ ಫೈಲ್ ಸರಿಮಾಡಲು ಅದು ಬೇಕು. ಅದಿಲ್ಲದೆ ಕಂಪ್ಯೂಟರ್ ಶುರುವೇ ಆಗದಿರಬಹುದು. ಇನ್ನೊಂದು ವಿಷಯ, ಅಲ್ಲಿ ಕಾಣುವ 12 ಜಿಬಿ ಪೂರ್ತಿ ನಿಜವೂ ಅಲ್ಲ. ಡಿಸ್ಕ್ ಮೇಲೆ ಒಂದೇ ಸಲ ಬರೆದಿರುವ ಫೈಲ್‌ಗೆ ಎರಡು ಕಡೆ ಹೆಸರು ಕೊಡುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ಅದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಒಂದು ಮನೆಗೆ ಎರಡು ಬೀದಿಯಿಂದ ಎರಡು ಬಾಗಿಲು ಇದ್ದ ಹಾಗೆ. ಎರಡೂ ಬೀದಿಯಲ್ಲಿ ನಡೆದು ಬಾಗಿಲು ಎಣಿಸಿದವರು ಎರಡು ಮನೆ ಎಂದುಕೊಳ್ಳುತ್ತಾರೆ. ಫೈಲ್ ಎಕ್ಸ್‌ಪ್ಲೋರರ್ ಹಾಗೇ ಎಣಿಸುತ್ತದೆ. ಸಿಸ್ಟಮ್32 ಫೋಲ್ಡರ್‌ನಲ್ಲಿ ಒಮ್ಮೆ, ವಿನ್‌ಎಸ್‌ಎಕ್ಸ್‌ಎಸ್‌ನಲ್ಲಿ ಇನ್ನೊಮ್ಮೆ.

ಅದರಲ್ಲಿ ನಿಜವಾಗಿ ಹಳೆಯದಾದ ಭಾಗಗಳೂ ಇರುತ್ತವೆ. ಅವನ್ನು ತೆಗೆಯುವ ಸರಿಯಾದ ದಾರಿ 'ವಿಂಡೋಸ್ ಅಪ್‌ಡೇಟ್ ಕ್ಲೀನಪ್' ಎಂಬ ಟಿಕ್. ಸ್ಟೋರೇಜ್ ಪುಟದಲ್ಲಿ ಅದು ಕಾಣದಿದ್ದರೆ ಸ್ಟಾರ್ಟ್‌ನಲ್ಲಿ 'ಡಿಸ್ಕ್ ಕ್ಲೀನಪ್' ಎಂದು ಹುಡುಕಿ, ತೆರೆದ ಮೇಲೆ 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಒತ್ತಿ. ಯಾವುದು ಬೇಕು, ಯಾವುದು ಬೇಡ ಎಂದು ವಿಂಡೋಸ್ ತಾನೇ ಲೆಕ್ಕ ನೋಡಿ ತೆಗೆಯುತ್ತದೆ. ಅರ್ಧ ಗಂಟೆ ಆದರೂ ಆಗಬಹುದು, ಮಧ್ಯೆ ನಿಲ್ಲಿಸಬೇಡಿ. ವಿಂಡೋಸ್ ಒಳಗಿರುವ 'ಇನ್‌ಸ್ಟಾಲರ್' ಎಂಬ ಗುಪ್ತ ಫೋಲ್ಡರ್‌ಗೂ ಇದೇ ಮಾತು. ಅದರಲ್ಲಿನ ಫೈಲ್‌ಗಳನ್ನು ಕೈಯಿಂದ ತೆಗೆದರೆ ಮುಂದೆ ಯಾವುದೋ ಸಾಫ್ಟ್‌ವೇರ್ ಅಪ್‌ಡೇಟೂ ಆಗುವುದಿಲ್ಲ, ಅನ್‌ಇನ್‌ಸ್ಟಾಲೂ ಆಗುವುದಿಲ್ಲ.

ನಕಾಶೆಯಲ್ಲಿ ಸಿ ಡ್ರೈವ್‌ನ ಮೇಲ್ಗಡೆಯೇ ಎರಡು ದೊಡ್ಡ ಫೈಲ್ ಕಾಣಬಹುದು. ಒಂದು ಪೇಜ್‌ಫೈಲ್. ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಜಾಗ ಅದು. ಅದನ್ನು ಹಾಗೇ ಬಿಡಿ. ಇನ್ನೊಂದು ಹೈಬರ್‌ಫಿಲ್. ಲ್ಯಾಪ್‌ಟಾಪ್ ಹೈಬರ್ನೇಟ್ ಆದಾಗ ತೆರೆದಿದ್ದ ಕೆಲಸವನ್ನೆಲ್ಲ ಬರೆದಿಡುವ ಫೈಲ್. ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು ಇರುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಆರು ಜಿಬಿಗೂ ಹೆಚ್ಚು. ಹೈಬರ್ನೇಟ್ ಸೌಲಭ್ಯವನ್ನೇ ಆಫ್ ಮಾಡಿದರೆ ಈ ಫೈಲ್ ಹೋಗುತ್ತದೆ. ಆದರೆ ಅದರ ಜೊತೆ ಕಂಪ್ಯೂಟರ್ ಬೇಗ ಶುರುವಾಗಲು ನೆರವಾಗುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಬ್ಯಾಟರಿ ಪೂರ್ತಿ ಮುಗಿಯುವ ಮೊದಲು ಕೆಲಸ ಉಳಿಸುವ ರಕ್ಷಣೆಯೂ ಹೋಗುತ್ತದೆ. ಸದಾ ಪ್ಲಗ್‌ಗೆ ಸಿಕ್ಕಿಸಿರುವ ಡೆಸ್ಕ್‌ಟಾಪ್ ಆದರೆ ಆಫ್ ಮಾಡಿ ಎನ್ನುತ್ತಿದ್ದೆ. ನಿಮ್ಮದು ಲ್ಯಾಪ್‌ಟಾಪ್, ಆರು ಜಿಬಿಗಾಗಿ ಅಷ್ಟು ಬಿಟ್ಟುಕೊಡುವುದು ಬೇಡ.

ಕಾಣದ ಇನ್ನೊಂದು ಜಾಗ ರಿಸ್ಟೋರ್ ಪಾಯಿಂಟ್‌ಗಳದ್ದು. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಡುವ ದಾಖಲೆಗಳು ಅವು. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, ಸಿ ಡ್ರೈವ್ ಆರಿಸಿ, 'ಕಾನ್ಫಿಗರ್' ಒತ್ತಿದರೆ ಎಷ್ಟು ಬಳಕೆ ಆಗಿದೆ ಎಂದು ಕಾಣುತ್ತದೆ. ಅಲ್ಲಿರುವ ಪಟ್ಟಿಯನ್ನು ಎಡಕ್ಕೆ ಸರಿಸಿ ಶೇ. 3 ಅಥವಾ 4ಕ್ಕೆ ಇಳಿಸಿ. ಪೂರ್ತಿ ಆಫ್ ಮಾಡುವುದು ಬೇಡ. ಒಂದು ಕೆಟ್ಟ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಬಂದ ದಿನ ಅದು ನಿಮ್ಮನ್ನು ಕಾಪಾಡುತ್ತದೆ.

ಜಾಗ ನುಂಗುವುದರಲ್ಲಿ ಈಗೀಗ ನನಗೆ ಹೆಚ್ಚು ಕಾಣಸಿಗುವುದು ಚಾಟ್ ಆ್ಯಪ್‌ಗಳು. ಗುಂಪುಗಳಲ್ಲಿ ಬಂದ ವಿಡಿಯೋ, ಶುಭಾಶಯದ ಚಿತ್ರ, ಪಿಡಿಎಫ್ ಎಲ್ಲ ಕಂಪ್ಯೂಟರ್‌ನಲ್ಲೂ ಇಳಿಯುತ್ತಾ ಹೋಗುತ್ತವೆ. ಹನಿ ಹನಿಗೂಡಿ ಹಳ್ಳ. ಇಲ್ಲಿ ವಾಟ್ಸ್ಆ್ಯಪ್‌ಗೂ ಟೆಲಿಗ್ರಾಂಗೂ ಒಂದು ವ್ಯತ್ಯಾಸ ಇದೆ, ಅದು ಗೊತ್ತಿರಲೇಬೇಕು. ಟೆಲಿಗ್ರಾಂನ ಸಾಮಾನ್ಯ ಚಾಟ್‌ಗಳು ಅವರ ಸರ್ವರ್‌ನಲ್ಲಿ ಇರುತ್ತವೆ. ಕಂಪ್ಯೂಟರ್‌ನಲ್ಲಿರುವುದು ಬರೀ ಕ್ಯಾಶ್, ಅಂದರೆ ಬೇಗ ತೆರೆಯಲೆಂದು ಇಟ್ಟುಕೊಂಡ ತಾತ್ಕಾಲಿಕ ಪ್ರತಿ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್, ಅದರಲ್ಲಿ 'ಮ್ಯಾನೇಜ್ ಲೋಕಲ್ ಸ್ಟೋರೇಜ್'ಗೆ ಹೋಗಿ ಎಲ್ಲ ತೆಗೆದರೂ ಬೇಕಾದಾಗ ಮತ್ತೆ ಇಳಿಯುತ್ತದೆ. ವಾಟ್ಸ್ಆ್ಯಪ್ ಹಾಗಲ್ಲ. ಮೆಸೇಜ್ ನಿಮ್ಮನ್ನು ತಲುಪಿದ ಮೇಲೆ ಅವರ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಮೂಲ ಇರುವುದು ನಿಮ್ಮ ಫೋನಿನಲ್ಲಿ. ಕಂಪ್ಯೂಟರ್‌ನ ಚಾಟ್‌ನಲ್ಲಿ ಡಿಲೀಟ್ ಒತ್ತಿದರೆ ಫೋನಿನಲ್ಲೂ ಆ ಮೆಸೇಜ್ ಹೋಗುತ್ತದೆ. ಆದ್ದರಿಂದ ಬೇಕಾದ ವಿಡಿಯೋಗಳನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಮುಂದಕ್ಕೆ ಎರಡರಲ್ಲೂ ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿಬಿಡಿ. ಇದೊಂದು ಮಾಡಿದರೆ ಆರು ತಿಂಗಳ ಮೇಲೆ ನೀವು ಇದೇ ಪ್ರಶ್ನೆ ಕೇಳಬೇಕಾಗುವುದಿಲ್ಲ.

ಬ್ರೌಸರ್ ಕ್ಯಾಶ್ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಒಂದೆರಡು ಜಿಬಿ ಸಿಗಬಹುದು, ಸ್ವಲ್ಪ ದಿನದಲ್ಲಿ ಅದು ಮತ್ತೆ ತುಂಬುತ್ತದೆ. ತೆಗೆಯುವಾಗ 'ಪಾಸ್‌ವರ್ಡ್ಸ್'ಗೆ ಟಿಕ್ ಹಾಕಬೇಡಿ, ಅಷ್ಟೇ.

ಒನ್‌ಡ್ರೈವ್ ಬಳಸುತ್ತೀರಾ? ವಿಂಡೋಸ್ 11ರಲ್ಲಿ ಎಷ್ಟೋ ಜನರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅವರಿಗೇ ಅರಿವಿಲ್ಲದೆ ಒನ್‌ಡ್ರೈವ್ ಒಳಗೆ ಹೋಗಿರುತ್ತವೆ. ಫೈಲ್ ಹೆಸರಿನ ಪಕ್ಕದ ಗುರುತು ನೋಡಿ. ಮೋಡದ ಗುರುತು ಇದ್ದರೆ ಅದು ಆನ್‌ಲೈನ್‌ನಲ್ಲಿ ಮಾತ್ರ ಇದೆ, ಡಿಸ್ಕ್‌ನಲ್ಲಿ ಹೆಚ್ಚುಕಮ್ಮಿ ಜಾಗವನ್ನೇ ತೆಗೆದುಕೊಂಡಿಲ್ಲ. ಹಸಿರು ಟಿಕ್ ಇದ್ದರೆ ಡಿಸ್ಕ್‌ನಲ್ಲೂ ಇದೆ. ಹಸಿರು ಗುರುತಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಫೈಲ್ ಆನ್‌ಲೈನ್‌ನಲ್ಲಿ ಉಳಿದು ನಿಮ್ಮ ಡಿಸ್ಕ್ ಖಾಲಿ ಆಗುತ್ತದೆ. ತೆರೆದಾಗ ಮತ್ತೆ ಇಳಿಯುತ್ತದೆ, ಇಂಟರ್‌ನೆಟ್ ಇದ್ದರೆ ಸಾಕು. ಆದರೆ ಅದೇ ಫೋಲ್ಡರ್ ಮೇಲೆ 'ಡಿಲೀಟ್' ಒತ್ತಿದರೆ ಆನ್‌ಲೈನ್‌ನಲ್ಲೂ ಡಿಲೀಟ್ ಆಗುತ್ತದೆ, ನಿಮ್ಮ ಉಳಿದ ಸಾಧನಗಳಲ್ಲೂ ಆಗುತ್ತದೆ. 'ಕ್ಲೌಡ್‌ನಲ್ಲಿ ಇದೆಯಲ್ಲ, ಇಲ್ಲಿಂದ ತೆಗೆದರೆ ಏನು' ಎಂದುಕೊಂಡು ವರ್ಷಗಳ ಕೆಲಸ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನೀವು ಅಳಿಸಿದ ಫೋಟೋಗಳು ಒನ್‌ಡ್ರೈವ್ ಒಳಗಿದ್ದವಾ ಎಂದು ಇವತ್ತೇ ನೋಡಿ. ಹೌದಾದರೆ ಒನ್‌ಡ್ರೈವ್‌ನ ವೆಬ್‌ಸೈಟಿನಲ್ಲಿ ಇನ್ನೊಂದು ರಿಸೈಕಲ್ ಬಿನ್ ಇದೆ. ವೈಯಕ್ತಿಕ ಖಾತೆಯಲ್ಲಿ ಅದು 30 ದಿನ ಇಟ್ಟುಕೊಂಡಿರುತ್ತದೆ.

ಸಾಫ್ಟ್‌ವೇರ್ ಮತ್ತು ಆಟಗಳದ್ದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆದು ಗಾತ್ರದ ಪ್ರಕಾರ ಜೋಡಿಸಿ. ಇತ್ತೀಚಿನ ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ. ಆಡುತ್ತಿಲ್ಲ ಎಂದರೆ ತೆಗೆಯಿರಿ. ತೆಗೆಯುವುದು ಅನ್‌ಇನ್‌ಸ್ಟಾಲ್ ಮೂಲಕ, ಫೋಲ್ಡರ್ ಡಿಲೀಟ್ ಮಾಡಿ ಅಲ್ಲ. ವಿಡಿಯೋ ಎಡಿಟ್ ಮಾಡುವವರು ನೀವಾಗಿದ್ದರೆ ಆ ಸಾಫ್ಟ್‌ವೇರ್‌ನ ಮೀಡಿಯಾ ಕ್ಯಾಶ್ ನೋಡಿ. ಪ್ರೋಗ್ರಾಮಿಂಗ್ ಮಾಡುವವರಾದರೆ ಡಾಕರ್ ಮತ್ತು ಡಬ್ಲ್ಯುಎಸ್‌ಎಲ್ ಇಟ್ಟುಕೊಳ್ಳುವ ವರ್ಚುವಲ್ ಡಿಸ್ಕ್ ಫೈಲ್ ನೋಡಿ. ಒಳಗಿನದನ್ನು ಅಳಿಸಿದರೂ ಆ ಫೈಲ್ ಸಾಮಾನ್ಯವಾಗಿ ತಾನಾಗೇ ಕುಗ್ಗುವುದಿಲ್ಲ.

ಕ್ಲೀನರ್ ಸಾಫ್ಟ್‌ವೇರ್ ಬೇಡ. ಅವು ಮಾಡುವ ಉಪಯೋಗದ ಕೆಲಸವನ್ನೆಲ್ಲ ವಿಂಡೋಸ್‌ನಲ್ಲೇ ಮಾಡಬಹುದು, ನಾನು ಮೇಲೆ ಹೇಳಿದ್ದು ಅದನ್ನೇ. ಮಿಕ್ಕದ್ದು ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಪಟ್ಟಿಯನ್ನು ಸ್ವಚ್ಛ ಮಾಡುತ್ತೇವೆ ಎನ್ನುವುದು. ಇಡೀ ರಿಜಿಸ್ಟ್ರಿಯೇ ಕೆಲವು ನೂರು ಎಂಬಿ. ಅದರಲ್ಲಿ ಸಾವಿರ ಸಾಲು ತೆಗೆದರೂ ಒಂದು ಫೋಟೋದಷ್ಟು ಜಾಗ ಸಿಗುವುದಿಲ್ಲ. ತಪ್ಪು ಸಾಲು ಹೋದರೆ ಮಾತ್ರ ಕಂಪ್ಯೂಟರ್ ಕೈಕೊಡುತ್ತದೆ. ಡಿಫ್ರಾಗ್ ಮಾಡಿದರೂ ಜಾಗ ಸಿಗುವುದಿಲ್ಲ. ಅದು ಫೈಲ್‌ಗಳನ್ನು ಜೋಡಿಸುತ್ತದೆ, ತೆಗೆಯುವುದಿಲ್ಲ. ಎಸ್‌ಎಸ್‌ಡಿಗೆ ಹಾಗೆ ಜೋಡಿಸುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ನಿಮ್ಮದೇ ಫೋಟೋ, ವಿಡಿಯೋ, ಕಡತಗಳು. ಅವನ್ನು ಅಳಿಸಬೇಡಿ, ಸಾಗಿಸಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಅದಕ್ಕೆ ಕಾಪಿ ಮಾಡಿ. ಕಟ್ ಮಾಡಿ ಪೇಸ್ಟ್ ಮಾಡಬೇಡಿ. ಮಧ್ಯೆ ಕೇಬಲ್ ಅಲುಗಾಡಿದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಗೊತ್ತಾಗದೆ ಗೊಂದಲ ಆಗುತ್ತದೆ. ಕಾಪಿ ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಪ್ರಾಪರ್ಟೀಸ್ ಪಕ್ಕಪಕ್ಕ ತೆರೆಯಿರಿ. ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ? ಬೈಟ್‌ಗಳಲ್ಲಿ ಗಾತ್ರ ಒಂದೇ ಇದೆಯಾ? 'ಸೈಜ್ ಆನ್ ಡಿಸ್ಕ್' ಸ್ವಲ್ಪ ಬೇರೆ ಬರಬಹುದು, ಅದು ಪರವಾಗಿಲ್ಲ. ಹೊಸ ಜಾಗದಿಂದ ಹತ್ತು ಫೈಲ್ ತೆರೆದು ನೋಡಿ. ವಿಡಿಯೋ ಆದರೆ ಕೊನೆಯ ನಿಮಿಷಕ್ಕೆ ಓಡಿಸಿ ನೋಡಿ. ಡಿಸ್ಕ್ ಅನ್ನು ಸರಿಯಾಗಿ ಎಜೆಕ್ಟ್ ಮಾಡಿ, ಮತ್ತೆ ಸಿಕ್ಕಿಸಿ, ಇನ್ನೊಮ್ಮೆ ತೆರೆಯಿರಿ. ಇದಾದ ಮೇಲೆ ಲ್ಯಾಪ್‌ಟಾಪ್‌ನಿಂದ ತೆಗೆಯಬಹುದು.

ಆದರೆ ತೆಗೆದ ಕ್ಷಣದಿಂದ ಆ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವುದು ಬ್ಯಾಕಪ್ ಅಲ್ಲ, ಇರುವ ಒಂದೇ ಪ್ರತಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಡಿಸ್ಕ್ ಮೇಜಿನಿಂದ ಒಮ್ಮೆ ಕೆಳಗೆ ಬಿದ್ದರೆ ಎಲ್ಲ ಮುಗಿಯಿತು. ಮತ್ತೆ ಸಿಗದ ಫೋಟೋಗಳಿಗೆ ಇನ್ನೊಂದು ಡಿಸ್ಕ್‌ನಲ್ಲೋ ಕ್ಲೌಡ್‌ನಲ್ಲೋ ಎರಡನೇ ಪ್ರತಿ ಇರಲಿ. ಪೆನ್‌ಡ್ರೈವ್ ನಂಬಬೇಡಿ, ಅದು ಸಾಗಿಸುವುದಕ್ಕೆ, ಕೂಡಿಡುವುದಕ್ಕಲ್ಲ. ಪೆನ್‌ಡ್ರೈವ್‌ನಿಂದ ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್‌ಗೆ ಬರುವುದೂ ಇಲ್ಲ.

ಎಷ್ಟು ಜಾಗ ಖಾಲಿ ಇರಬೇಕು? ನಿಮ್ಮ ಡಿಸ್ಕ್‌ನಲ್ಲಿ 35ರಿಂದ 40 ಜಿಬಿ, ಅಂದರೆ ಶೇ. 15ಕ್ಕೆ ಕಮ್ಮಿ ಆಗದ ಹಾಗೆ ನೋಡಿಕೊಳ್ಳಿ. ಇದು ಅಪ್‌ಡೇಟ್‌ಗೆ ಮಾತ್ರ ಅಲ್ಲ. ಎಸ್‌ಎಸ್‌ಡಿ ಸಣ್ಣ ಸಣ್ಣ ಪುಟಗಳಲ್ಲಿ ಬರೆಯುತ್ತದೆ, ಆದರೆ ಅಳಿಸುವಾಗ ಎಷ್ಟೋ ಪುಟಗಳಿರುವ ಒಂದು ಇಡೀ ಬ್ಲಾಕ್ ಅನ್ನೇ ಅಳಿಸಬೇಕು. ಬರೆದ ಪುಟದ ಮೇಲೆ ನೇರವಾಗಿ ತಿದ್ದಿ ಬರೆಯಲು ಅದಕ್ಕೆ ಆಗುವುದಿಲ್ಲ. ಖಾಲಿ ಜಾಗ ಇದ್ದರೆ ಹೊಸದನ್ನು ಅಲ್ಲಿ ಬರೆದು, ಬಿಡುವಿನಲ್ಲಿ ಹಳೆಯದನ್ನು ಗುಡಿಸುತ್ತದೆ. ಜಾಗವೇ ಇಲ್ಲದಿದ್ದರೆ ಪ್ರತಿ ಸಲವೂ ಬೇಕಾದ ಪುಟಗಳನ್ನು ಎತ್ತಿ ಬೇರೆಡೆ ಇಟ್ಟು, ಬ್ಲಾಕ್ ಅಳಿಸಿ, ಆಮೇಲೆ ಬರೆಯಬೇಕು. ಅದಕ್ಕೇ ತುಂಬಿದ ಎಸ್‌ಎಸ್‌ಡಿ ನಿಧಾನ ಆಗುತ್ತದೆ, ಬೇಗ ಸವೆಯುತ್ತದೆ ಕೂಡ. ನಿಮ್ಮ ಲ್ಯಾಪ್‌ಟಾಪ್ ಈಚೆಗೆ ನಿಧಾನ ಅನಿಸುತ್ತಿದ್ದರೆ ಇದೂ ಒಂದು ಕಾರಣ ಇರಬಹುದು.

ಹೊಸ ಡಿಸ್ಕ್ ಬಗ್ಗೆ: ಮೇಲಿನದನ್ನೆಲ್ಲ ಮಾಡಿದ ಮೇಲೂ, ದಿನಾ ಬೇಕಾಗುವ ಸಾಫ್ಟ್‌ವೇರ್ ಮತ್ತು ಕಡತಗಳೇ 200 ಜಿಬಿ ದಾಟಿದರೆ ದೊಡ್ಡ ಎಸ್‌ಎಸ್‌ಡಿ ಹಾಕಿಸಿ. ಆಗ ಅದು ಸರಿಯಾದ ನಿರ್ಧಾರ. ಹಾಕಿಸುವ ಮೊದಲು ನಿಮ್ಮ ಮಾಡೆಲ್‌ನಲ್ಲಿ ಎಂ.2 ಸ್ಲಾಟ್ (ತೆಳು ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದೆಯಾ, ಯಾವ ಬಗೆಯದು ಎಂದು ಕೇಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ.

ಇವತ್ತು ಸಂಜೆ ಕೂತರೆ ಹೀಗೆ ಮಾಡಿ. ಮೊದಲು ರಿಸೈಕಲ್ ಬಿನ್ ತೆರೆದು, ಬೇಕಾದ ಫೋಟೋಗಳನ್ನು ರಿಸ್ಟೋರ್ ಮಾಡಿ, ಉಳಿದದ್ದನ್ನು ಖಾಲಿ ಮಾಡಿ. ಆಮೇಲೆ ವಿಜ್‌ಟ್ರೀ ನಕಾಶೆಯ ಐದು ದೊಡ್ಡ ಚೌಕ ಯಾವುವು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಮುಂದಿಟ್ಟುಕೊಂಡು ಟೆಂಪರರಿ ಫೈಲ್ಸ್, ಡೌನ್‌ಲೋಡ್ಸ್, ಚಾಟ್ ಆ್ಯಪ್, ಒನ್‌ಡ್ರೈವ್, ಈ ಕ್ರಮದಲ್ಲಿ ಹೋಗಿ. ಒಂದೊಂದು ಹಂತ ಮುಗಿದಾಗಲೂ ಎಷ್ಟು ಜಾಗ ಸಿಕ್ಕಿತು ಎಂದು ಪಕ್ಕದಲ್ಲಿ ಬರೆಯಿರಿ. ಮುಂದಿನ ಸಲ ಎಲ್ಲಿಂದ ಶುರು ಮಾಡಬೇಕು ಎಂದು ಆ ಚೀಟಿಯೇ ಹೇಳುತ್ತದೆ.

ಸುಮಾರು 30 ಜಿಬಿ ಖಾಲಿ ಆದ ಮೇಲೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಚಾರ್ಜರ್ ಸಿಕ್ಕಿಸಿ, ಅಪ್‌ಡೇಟ್ ಹಾಕಿ. ಅದು ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಆಗಿದ್ದರೆ, ಮುಗಿದ ಮೇಲೆ ಖಾಲಿ ಜಾಗ ಮತ್ತೆ ಇಳಿದಿರಬಹುದು. ಗಾಬರಿ ಆಗಬೇಡಿ. ಹಳೆಯ ವಿಂಡೋಸ್ ಅನ್ನು ಎತ್ತಿಟ್ಟಿರುವುದರಿಂದ ಹಾಗೆ. ಎಲ್ಲ ಸರಿಯಾಗಿ ನಡೆಯುತ್ತಿದೆಯಾ ಎಂದು ಒಂದು ವಾರ ನೋಡಿ. 10 ದಿನ ಕಳೆದ ಮೇಲೆ ವಿಂಡೋಸ್ ಅದನ್ನು ತಾನಾಗೇ ತೆಗೆಯುತ್ತದೆ.